ಎಡಗಡೆ ಚೀಲ, ಬಲಗಡೆ ಚೀಲ

ನಮ್ಮ ಮುತ್ಯಾನ ಎತ್ತಿಗೆ ಎರಡು ಚೀಲ.
ಎಡಕ್ಕ ಕರಿಕುದರಿಯವರ ವಂಶದ ಹೊತ್ತಿಗೆ,
ಬಲಕ್ಕ ಮೂರುಬುರುಜಿನವರದು.
ತೂಕ ಸರಿ ಇರಬೇಕು. ಒಂದು ಕಡೆ ಜಗ್ಗಿದರ
ಬೆನ್ನು ಹುಣ್ಣಾಗತೈತಿ ಬಸವಣ್ಣಂದು.

ನಾವು ಹೆಳವರು. ನಸುಕಿನ್ಯಾಗ ಅಂಗಳಕ್ಕ ಬಂದು
ಗಂಟಿ ಬಾರಿಸಿ ಹದಿನಾಲ್ಕು ತಲೆಮಾರು ಎಬ್ಬಿಸುವವರು.
ಸತ್ತವರು ನಮ್ಮ ನಾಲಿಗಿ ಮ್ಯಾಲೆ ಎದ್ದು ಕೂತು
ಮೀಸಿ ತಿರುವತಾರ.

ಘಟಪ್ರಭೆಯ ದಂಡಿ, ನಾಗರಮಟ್ಟಿ ಊರು.
ದಿನ್ನಿ ಮ್ಯಾಲೆ ಅವರ ವಾಡೆ, ಇಳಿಜಾರಿನ್ಯಾಗ ಇವರದು,
ನಡುವ ಒಂದ ಬಾವಿ, ಎರಡು ಗಡಗಡಿ.
ಅಷ್ಟ. ಜಗಳ ಅಂತ ಏನೂ ಇರಲಿಲ್ಲ.

ಒಂದು ಸುಗ್ಗಿ, ಮುತ್ಯಾ ಮಾಯಪ್ಪ ಹಾಡಿ ಮುಗಿಸಿದಾಗ
ಕರಿಕುದರಿ ಜಡೆಪ್ಪ ದೇಸಾಯಿ ಆಕಳಿಸಿದ:
"ಹುಟ್ಟಿದರು, ಉಂಡರು, ಸತ್ತರು.
ಇಷ್ಟ ಏನೋ ನಮ್ಮ ಮನೆತನ?"
ಅರ್ಧ ಸೇರು ಜೋಳ ಹಾಕಿ ಒಳಗ ಹೋದ.

ಮರುವರ್ಷ ಮಾಯಪ್ಪ ಒಂದು ಯುದ್ಧ ತಂದ.

ಏನು ಯುದ್ಧ ಅಂತೀರಿ!
ಹೊಳಿ ಉಸುಕಿನ್ಯಾಗ ಅರವತ್ತು ತಲಿ ಉರುಳಿದ್ದು,
ಬೆಳ್ಳಿ ಜೀನದ ಕರಿಕುದರಿ ಸವಾರನಿಲ್ಲದ ತಿರುಗಿ ಬಂದು
ವಾಡೆ ಬಾಗಲಾ ಕಾಲಿಲೆ ಬಡಿದದ್ದು,
ಮೂರುಬುರುಜಿನವರು ರುಮಾಲು ಬಿಟ್ಟು ಓಡಿದ್ದು.
ಜಡೆಪ್ಪ ಅತ್ತ. ಒಂದು ಹೋರಿ ಕೊಟ್ಟ.

ಆದರ ಎಡಗಡೆ ಚೀಲ ಭಾರ ಆತಲ್ಲ.
ಇಳಿಜಾರಿಗೆ ಇಳಿದು ಬಲಗಡೆಯದ್ರಾಗ ಬರೆದ:
ರುಮಾಲು ಅವರದ. ಓಡಿದವರು ಅವರ.
ಅಲ್ಲಿ ಹುಣ್ಣಿಮಿ ಇದ್ದದ್ದು ಇಲ್ಲಿ ಅಮಾಸಿ.
ತಲಿ ಅರವತ್ತೊಂದು.
ಮೂರುಬುರುಜಿನ ಗಿರೆವ್ವ ಕೈಯಾನ ಕಡಗ ಬಿಚ್ಚಿ ಕೊಟ್ಟಳು.

ಹಿಂಗ ಇಪ್ಪತ್ತು ಸುಗ್ಗಿ.
ಅಲ್ಲಿ ಹೋಳಿಗಿಯಾಗ ವಿಷ, ಇಲ್ಲಿ ಬುರುಜಿಗೆ ಬೆಂಕಿ,
ಕದ್ದ ಮದಲಿಂಗಿತ್ತಿಗೆ ಬದಲು ಕದ್ದ ನಗಾರಿ.
ಎತ್ತು ನೆಟ್ಟಗ ನಡೀತು.
ಕೇಳಿದ ಕೂಸುಗಳು ಎದಿಮಟ ಬೆಳೆದವು.
ಬಾವಿಯ ಒಂದು ಗಡಗಡಿ ಯಾರೋ ರಾತ್ರಿ ಕಿತ್ತರು.

ಬಣ್ಣ ಆಡುವ ದಿನ, ಹಾಡಿನ ರುಮಾಲಿನ ಮಾತು ತಗದು
ಯಾರೋ ನಕ್ಕರು.
ಸರ್ಜಪ್ಪಗ ಹತ್ತೊಂಬತ್ತು.
ಕೊಡಲಿ, ಒಂದ ಏಟು.
ಅಂಗಿ ಮೊದಲ ಕೆಂಪಿತ್ತು;
ಅವ್ವಗ ತಡವಾಗಿ ತಿಳೀತು.

ಅವತ್ತಿನ ಸಾಲು ಮಾಯಪ್ಪ ಹಾಡಿಗೆ ಕೂಡಿಸಲಿಲ್ಲ.
ಪ್ರಾಸ ಇಲ್ಲ, ಬಿರುದು ಇಲ್ಲ, ಮಸಿ ಬ್ಯಾರೆ:
"ಸರ್ಜಪ್ಪ. ಈಜು ಚೊಲೋ ಬರತಿತ್ತು."
ಅದನ್ನ ನಾವು ಹಾಡೂದಿಲ್ಲ. ಓದತೀವಿ.

ಈಗ ಊರು ನೀರೊಳಗ.
ಆಲಮಟ್ಟಿ ಹಿನ್ನೀರು ಏರಿ ಎರಡೂ ವಾಡೆ ಮುಳುಗಿದವು,
ದಿನ್ನಿ ಮ್ಯಾಲಿಂದು ಹನ್ನೊಂದು ದಿನ ತಡವಾಗಿ.
ಅದನ್ನೂ ಅವರು ಬರಸಿಕೊಂಡರು.

ಬಾಗಲಕೋಟಿ ನವನಗರದಾಗ ಅಕ್ಕಪಕ್ಕ ಸೈಟು,
ನಡುವ ಒಂದು ಗಟಾರು.
ನನಗ ಎತ್ತಿಲ್ಲ. ಮಗನ ಬೈಕಿಗೆ ಎರಡು ಚೀಲ;
ಅದೂ ತೂಕ ಕೇಳತೈತಿ.

ಈ ಸಲ ಜಡೆಪ್ಪನ ಮರಿಮೊಮ್ಮಗಳು
ಮೊಬೈಲ್ ಎತ್ತಿ ಹಿಡಿದು ನಿಂತಳು.
ಕುದರಿ ಬಂತು, ಬಾಗಲಾ ಬಡೀತು.
ಕುರ್ಚಿಯಾಗ ಕೂತ ಆಕಿ ಅಪ್ಪನ ಬೆನ್ನು ನೆಟ್ಟಗಾತು.
"ಅಜ್ಜಾ, ಕುದರಿ ಹೆಸರೇನು?" ಅಂದಳು.
ಹೊತ್ತಿಗೆಯಾಗ ಕುದರಿಗೆ ಹೆಸರಿಲ್ಲ.
ಮುಂದ ಸರ್ಜಪ್ಪನ ಸಾಲು ಓದಿದೆ.
"ಇವ ನಮ್ಮವನೋ, ಅವರವನೋ?"

ಐವತ್ತು ವರ್ಷದಾಗ ಯಾರೂ ಕೇಳಿರಲಿಲ್ಲ.
ಎರಡೂ ಚೀಲ ಬಿಚ್ಚಿ ಕಟ್ಟಿ ಮ್ಯಾಲೆ ಇಟ್ಟೆ.
ಎಡಕ್ಕೂ ಅದ ಸಾಲು. ಬಲಕ್ಕೂ ಅದ ಸಾಲು.
ಮಾಯಪ್ಪನ ಕೈ, ಅದ ಬ್ಯಾರೆ ಮಸಿ,
ಎರಡರಾಗೂ 'ಈಜು' ಅನ್ನೂ ಕಡೆ ಹಾಳಿ ಒಂಚೂರು ಉಬ್ಬೈತಿ.

ಅಪ್ಪ ಎದ್ದು, "ಬಂದ್ ಮಾಡು ಅದನ್ನ" ಅಂದ ಮಗಳಿಗೆ.
ಒಳಗಿಂದ ಜೋಳ ತಂದು ಹಾಕಿದ.
ಎಷ್ಟು ಸೇರು, ನಾನು ನೋಡಲಿಲ್ಲ.

ಗಟಾರು ದಾಟಿದರ ಮುಂದಿನ ಅಂಗಳ.
ಹೊತ್ತು ಏರೂದರಾಗ ಗಂಟಿ ಬಾರಿಸಬೇಕು.
ಅಲ್ಲಿ ಅರವತ್ತೊಂದು ತಲಿ
ಕಾಯಾಕತ್ತಾವ.